ಕಾಗದದ ಹಡಗು ಮಾಡುವವರೇ, ಕತ್ತರಿ ಹಿಡಿಯುವ ಮೊದಲು ಸ್ಕೇಲ್ ಹಿಡಿಯಿರಿ

ಮೂರು ತಿಂಗಳ ಕೆಲಸ ಮೊನ್ನೆ ರದ್ದಿಗೆ ಹೋಯಿತು. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಕನೆಕ್ಟಿಕಟ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಮಿಸ್ಟಿಕ್ ಸೀಪೋರ್ಟ್ ಮ್ಯೂಸಿಯಂನಲ್ಲಿ 'ಚಾರ್ಲ್ಸ್ ಡಬ್ಲ್ಯು. ಮಾರ್ಗನ್' ನೋಡಿದ್ದೆ. 1841ರಲ್ಲಿ ನ್ಯೂ ಬೆಡ್‌ಫರ್ಡ್‌ನಲ್ಲಿ ನೀರಿಗಿಳಿದ ತಿಮಿಂಗಿಲ ಬೇಟೆಯ ಹಡಗು. ಎಂಬತ್ತು ವರ್ಷದಲ್ಲಿ 37 ಯಾನ ಮಾಡಿದೆ. ಅಮೆರಿಕದ ಆ ಕಾಲದ ಮರದ ಬೇಟೆ ಹಡಗುಗಳಲ್ಲಿ ಇವತ್ತು ಉಳಿದಿರುವುದು ಇದೊಂದೇ. ಡೆಕ್ ಮೇಲೆ ಇಟ್ಟಿಗೆ ಒಲೆ, ಅದರಲ್ಲಿ ಎರಡು ದೊಡ್ಡ ಕಡಾಯಿ. ತಿಮಿಂಗಿಲದ ಕೊಬ್ಬು ಕರಗಿಸಿ ಎಣ್ಣೆ ತೆಗೆಯುತ್ತಿದ್ದದ್ದು ಅಲ್ಲೇ. ಮರಕ್ಕೆ ಬೆಂಕಿ ಹತ್ತಬಾರದು ಅಂತ ಒಲೆಯ ಅಡಿಯಲ್ಲಿ ನೀರು ನಿಲ್ಲಿಸುತ್ತಿದ್ದರು. ಮೊಮ್ಮಗ ಆ ಒಲೆ ಬಿಟ್ಟು ಕದಲಲೇ ಇಲ್ಲ. "ಅಜ್ಜ, ಇದನ್ನ ನಾವೇ ಮಾಡೋಣ" ಅಂದ.

ಊರಿಗೆ ಬಂದು ಆನ್‌ಲೈನ್‌ನಲ್ಲಿ ಒಬ್ಬರಿಂದ ಈ ಹಡಗಿನ ಪೇಪರ್ ಮಾಡೆಲ್ ಫೈಲ್ ಕೊಂಡೆ. ಅಳತೆ 1:96, ಅಂದರೆ ನಿಜವಾದ ಎಂಟು ಅಡಿಗೆ ಇಲ್ಲಿ ಒಂದು ಇಂಚು. ಸುಮಾರು 113 ಅಡಿಯ ಹಡಗು ಮೇಜಿನ ಮೇಲೆ 36 ಸೆಂಟಿಮೀಟರ್ ಬರಬೇಕು. ಜೆರಾಕ್ಸ್ ಅಂಗಡಿಯಲ್ಲಿ ದಪ್ಪ ಹಾಳೆಗೆ ಪ್ರಿಂಟ್ ಹಾಕಿಸಿದೆ. ಒಳಗಿನ ಅಡ್ಡ ರಟ್ಟುಗಳನ್ನು ಒಂದೊಂದಾಗಿ ಕತ್ತರಿಸಿ, ಬೆನ್ನೆಲುಬಿಗೆ ಸಿಕ್ಕಿಸಿ, ಡೆಕ್ ಕೂರಿಸಿದೆ. ಒಲೆಗೇ ನಾಲ್ಕು ರಾತ್ರಿ ಹಿಡಿಯಿತು. ಒಂದೊಂದು ಇಟ್ಟಿಗೆ ಎರಡು ಮಿಲಿಮೀಟರ್ ಕೂಡ ಇಲ್ಲ, ಮಡಚುವಾಗ ಉಸಿರು ಬಿಗಿ ಹಿಡಿಯಬೇಕು.

ಕೊನೆಗೆ ಹೊರಮೈ ಹಾಳೆ ಅಂಟಿಸಲು ಕೂತೆ. ಮುಂದಿನ ತುದಿಯಿಂದ ಹಿಡಿದು ಹಿಂದಕ್ಕೆ ಬಂದರೆ ಹಾಳೆ ಸುಮಾರು ಒಂದು ಸೆಂಟಿಮೀಟರ್ ಹೊರಗೆ ಚಾಚಿ ನಿಂತಿತು. ಫೆವಿಕಾಲ್ ಹಚ್ಚಿ ಸ್ವಲ್ಪ ಸ್ವಲ್ಪವೇ ಒತ್ತಿ ಕೂರಿಸಲು ನೋಡಿದೆ. ಹಾಳೆ ನೆನೆದು ಸುಕ್ಕುಗಟ್ಟಿತು, ಪಕ್ಕೆ ಒಳಗೆ ಕುಸಿಯಿತು. ಆಗ ಸ್ಕೇಲ್ ಹಿಡಿದೆ. ಮಾರ್ಗನ್‌ನ ಅಗಲ 27 ಅಡಿ ಒಂಬತ್ತು ಇಂಚಿನ ಹತ್ತಿರ. ನನ್ನ ಲೆಕ್ಕಕ್ಕೆ ನಡುವಿನ ರಟ್ಟು 8.8 ಸೆಂಟಿಮೀಟರ್ ಇರಬೇಕು, ಇದ್ದದ್ದು 8.2.

ಆಗಿದ್ದು ಇಷ್ಟು. ಫೈಲಿನ ಮೊದಲ ಅರ್ಧ, ಅಂದರೆ ಒಳಗಿನ ಭಾಗಗಳು, ಅಮೆರಿಕದ ಲೆಟರ್ ಸೈಜಿನಲ್ಲಿತ್ತು, ಹೊರಮೈ ಪುಟಗಳು ಎ4ನಲ್ಲಿ. ಲೆಟರ್ ಹಾಳೆ 21.6 ಸೆಂಟಿಮೀಟರ್ ಅಗಲ, ಎ4 ಬರೀ 21. ಅಂಗಡಿಯಲ್ಲಿ ಎಲ್ಲವನ್ನೂ ಎ4 ಹಾಳೆಗೇ ಪ್ರಿಂಟ್ ಹಾಕಿ, ಮಷಿನ್‌ನಲ್ಲಿ 'ಫಿಟ್ ಟು ಪೇಜ್' (ಪುಟವನ್ನು ಹಾಳೆಗೆ ಹೊಂದಿಸುವುದು) ಇಟ್ಟಿದ್ದರು. ಅದು ಅಂಚು ಬಿಟ್ಟು ಎರಡನ್ನೂ ಕುಗ್ಗಿಸಿತು, ಲೆಟರ್ ಪುಟಗಳನ್ನು ಜಾಸ್ತಿ ಕುಗ್ಗಿಸಿತು. ಪ್ರಿಂಟ್ ಹಾಕಿದ ಹುಡುಗನನ್ನು ನಾನು ಬೈಯುವುದಿಲ್ಲ, ಅವನು ದಿನಾ ಮಾಡುವುದೇ ಹಾಗೆ. ಮಾರಿದವರ ಮೇಲೆ ಮಾತ್ರ ಸಿಟ್ಟಿದೆ. ಒಳ್ಳೆಯ ಕಿಟ್‌ನ ಪುಟದ ಮೂಲೆಯಲ್ಲಿ, ಪ್ರಿಂಟ್ ಸರಿಯಾದ ಗಾತ್ರಕ್ಕೆ ಬಂದಿದೆಯೇ ಅಂತ ಸ್ಕೇಲ್ ಇಟ್ಟು ನೋಡಲು, ಅಳತೆ ಗೆರೆ ಇರುತ್ತದೆ ಅಲ್ವಾ? ಇದರಲ್ಲಿ ಅಂಚು ಕತ್ತರಿಸಿ ಅದನ್ನೇ ತೆಗೆದಿದ್ದರು. ಇನ್ನೊಂದು ತಪ್ಪೂ ಇತ್ತು. ಮಾರ್ಗನ್ ಅನ್ನು 1867ರಲ್ಲಿ ಬಾರ್ಕ್ ಆಗಿ ಬದಲಾಯಿಸಿದರು. ಬಾರ್ಕ್ ಅಂದರೆ ಹಿಂದಿನ ಕಂಬದಲ್ಲಿ ಅಡ್ಡ ಪಟಗಳಿಲ್ಲದ ಹಡಗು. ಫೈಲಿನ ಮುಖಪುಟದಲ್ಲಿ ಬಾರ್ಕ್, ಒಳಗಿನ ಪುಟಗಳಲ್ಲಿ ಮೂರೂ ಕಂಬಕ್ಕೆ ಅಡ್ಡ ಪಟ ಕಟ್ಟುವ ಮರ! ಎರಡು ಮೂರು ಕಡೆಯಿಂದ ತೆಗೆದು ಜೋಡಿಸಿದ್ದು ಅಂತ ಅಲ್ಲೇ ಗೊತ್ತಾಗಬೇಕಿತ್ತು. ದುಡ್ಡು ವಾಪಸ್ ಕೇಳಿದರೆ ಉತ್ತರವೇ ಇಲ್ಲ.

ದಯವಿಟ್ಟು, ಕೊಳ್ಳುವ ಮೊದಲು ಅದೇ ಫೈಲಿನಿಂದ ಪೂರ್ತಿ ಮಾಡಿದ ಮಾಡೆಲ್‌ನ ಫೋಟೋ ಕೇಳಿ. ಅಳತೆ ಗೆರೆ ಇಲ್ಲದಿದ್ದರೆ ಬೇಡವೇ ಬೇಡ. ಪ್ರಿಂಟ್ ಹಾಕಿಸುವಾಗ ಪಕ್ಕದಲ್ಲೇ ನಿಂತು 'ಆಕ್ಚುವಲ್ ಸೈಜ್' ಅಂತ ಹೇಳಿ. ಮೊದಲು ಒಳಗಿನ ಒಂದು ಪುಟ, ಹೊರಮೈಯ ಒಂದು ಪುಟ ಸಾದಾ ಹಾಳೆಗೆ ತೆಗೆದು ಅಳೆಯಿರಿ. ಐದು ನಿಮಿಷದ ಕೆಲಸ.

ಮೊಮ್ಮಗ ಜೂನ್ ರಜೆಗೆ ಬರುತ್ತಾನೆ. ಒಲೆಯನ್ನು ಬಿಸಾಡಲು ಮನಸ್ಸಾಗದೆ ತೆಗೆದಿಟ್ಟಿದ್ದೇನೆ. ಆದರೆ ಅದೂ ಸಣ್ಣದಾಗಿದೆ, ಹೊಸ ಡೆಕ್‌ಗೆ ಕೂರುವುದಿಲ್ಲ.