ಫೈಬ್ರೊಮಯಾಲ್ಜಿಯಾ ಇರುವವರಿಗೆ ಹೀಟಿಂಗ್ ಪ್ಯಾಡ್ ಎಷ್ಟು ಉಪಯುಕ್ತ?

ಫೈಬ್ರೊಮಯಾಲ್ಜಿಯಾ ಎಂಬ ದೀರ್ಘಕಾಲದ ಕಾಯಿಲೆಯಲ್ಲಿ ನೋವು ಮೈಯ ಒಂದೇ ಕಡೆ ನಿಲ್ಲುವುದಿಲ್ಲ. ಜೊತೆಗಿರುವ ದಣಿವು ರಾತ್ರಿಯಿಡೀ ಮಲಗಿ ಎದ್ದರೂ ಇಳಿಯುವುದಿಲ್ಲ. ಆದ್ದರಿಂದ ಇಂಥವರು ಕೊಳ್ಳುವ ಸಾಧನವನ್ನು ಅದು ಎಷ್ಟು ನೋವು ಕಳೆಯುತ್ತದೆ ಎಂಬುದರಿಂದ ಮಾತ್ರವಲ್ಲದೆ, ಅದನ್ನು ಬಳಸಲು ಎಷ್ಟು ಶಕ್ತಿ ಬೇಕು ಎಂಬುದರಿಂದಲೂ ಅಳೆಯಬೇಕಾಗುತ್ತದೆ. ರಬ್ಬರಿನ ಬಿಸಿನೀರಿನ ಚೀಲ ಸೋಲುವುದು ಇಲ್ಲಿಯೇ: ನೀರು ಕಾಯಿಸಿ, ಕೈ ಸುಟ್ಟುಕೊಳ್ಳದೆ ತುಂಬಿಸಿ, ಮುಚ್ಚಳವನ್ನು ಬಿಗಿಯಾಗಿ ತಿರುಗಿಸುವಷ್ಟರಲ್ಲಿ ಬೆರಳುಗಳ ಬಲವೇ ಮುಗಿದಿರುತ್ತದೆ.

ನಾನು ಸೊಂಟಕ್ಕೆ ಕಟ್ಟಿಕೊಳ್ಳುವ ವಿದ್ಯುತ್ ಹೀಟಿಂಗ್ ಪ್ಯಾಡಿಗೆ ಒಂದು ಸ್ವಿಚ್ ಒತ್ತಿದರೆ ಸಾಕು. ಸುಮಾರು ಇಪ್ಪತ್ತು ನಿಮಿಷಗಳ ಹದವಾದ ಶಾಖದಿಂದ ಬೆಳಗಿನ ಬಿಗಿತ ಸಡಿಲಗೊಂಡು, ಸ್ನಾನ ಮುಗಿಸಿ ತಲೆ ಬಾಚಿಕೊಳ್ಳುವುದು ಸಾಧ್ಯವಾಗುತ್ತದೆ. (ಆರೋಗ್ಯವಂತರಿಗೆ ಇದೊಂದು ದೊಡ್ಡ ವಿಷಯ ಅನ್ನಿಸಲಾರದು.) ಆದರೆ ಶಾಖವು ಸ್ನಾಯುಗಳಿಗೆ ತಾತ್ಕಾಲಿಕ ಆರಾಮ ನೀಡುತ್ತದೆಯೇ ಹೊರತು ರೋಗವನ್ನು ಗುಣಪಡಿಸುವುದಿಲ್ಲ; ಪೆಟ್ಟಿಗೆಯ ಮೇಲೆ ಶಾಶ್ವತ ಪರಿಹಾರವೆಂದು ಅಚ್ಚು ಹಾಕಿಸಿರುವುದು ಅತಿಯಾಯಿತು.

ತಂತಿ ಗಿಡ್ಡವಾಗಿದೆ, ಕರೆಂಟು ಹೋದರೆ ಉಪಯೋಗವಿಲ್ಲ, ಇವನ್ನು ಸಹಿಸಬಹುದು. ತಾನಾಗಿಯೇ ಆರುವ ಟೈಮರ್ ಇಲ್ಲದಿರುವುದು ಮಾತ್ರ ಗಂಭೀರವಾದ ಕೊರತೆ, ಏಕೆಂದರೆ ದಣಿದವರು ಅದರ ಮೇಲೆಯೇ ನಿದ್ರೆಗೆ ಜಾರುತ್ತಾರೆ. ದೀರ್ಘಕಾಲ ಒಂದೇ ಜಾಗಕ್ಕೆ ಶಾಖ ತಗುಲುತ್ತಿದ್ದರೆ ಚರ್ಮದ ಮೇಲೆ ಬಲೆಯಂಥ ಕಂದು ಕಲೆಗಳು ಮೂಡಬಹುದು. ಮಧುಮೇಹದಿಂದ ಸ್ಪರ್ಶಜ್ಞಾನ ಕುಂದಿರುವವರಿಗೆ ಸುಟ್ಟದ್ದೇ ತಿಳಿಯದೆ ಹೋಗುವ ಅಪಾಯವಿರುವುದರಿಂದ, ಅವರು ವೈದ್ಯರನ್ನು ಕೇಳದೆ ಬಳಸಬಾರದು. ಉಳಿದವರು ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ಟೈಮರ್ ಇರುವ ಮಾದರಿಯನ್ನೇ ಕೊಳ್ಳುವುದು ಒಳ್ಳೆಯದು.