ಅಮೆರಿಕನ್ ಪ್ರೆಸಿಡೆನ್ಸಿ ಪ್ರಾಜೆಕ್ಟ್: ಮೊದಲು ಪಟ್ಟಿ ನೋಡಿ, ಆಮೇಲೆ ಹುಡುಕಿ

ಅಮೆರಿಕದ ಅಧ್ಯಕ್ಷರು ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಕೊಡುವ ವಾರ್ಷಿಕ ವರದಿಗಳು, ಅಂದರೆ 'ಸ್ಟೇಟ್ ಆಫ್ ದಿ ಯೂನಿಯನ್', 1790ರಿಂದ ಈಚಿನವೆಲ್ಲ ಒಂದೇ ಕಡೆ ಬೇಕೆನ್ನುವವರಿಗೆ ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಈ ಜಾಲತಾಣ ಸಾಕು. 1999ರಲ್ಲಿ ಶುರುವಾದದ್ದು, ದುಡ್ಡು ಕೊಡಬೇಕಿಲ್ಲ. ಎಡವುವುದು ಸಾಮಾನ್ಯವಾಗಿ ಮೊದಲ ಹೆಜ್ಜೆಯಲ್ಲೇ. ಸರ್ಚ್ ಬಾಕ್ಸಿನಲ್ಲಿ 'ಸ್ಟೇಟ್ ಆಫ್ ದಿ ಯೂನಿಯನ್' ಎಂದು ಟೈಪ್ ಮಾಡಿದರೆ ಹತ್ತೊಂಬತ್ತನೇ ಶತಮಾನದ ಬಹುಪಾಲು ಕೈಬಿಟ್ಟು ಹೋಗುತ್ತದೆ. ಆ ಹೆಸರು ಬಳಕೆಗೆ ಬಂದದ್ದು ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಾಲದಲ್ಲಿ, ಅಧಿಕೃತವಾಗಿ ನಿಂತದ್ದು 1947ರ ಹೊತ್ತಿಗೆ. ಅದಕ್ಕೆ ಮುಂಚಿನವುಗಳಲ್ಲಿ ಹೆಚ್ಚಿನವುಗಳ ಶೀರ್ಷಿಕೆ 'ಆನ್ಯುಯಲ್ ಮೆಸೇಜ್'. ಅಮೆರಿಕ ಖಂಡಗಳಲ್ಲಿ ಯುರೋಪ್ ಕೈಹಾಕಬಾರದು ಎನ್ನುವ ಮನ್ರೋ ಸಿದ್ಧಾಂತ ಇರುವ 1823ರ ಪಠ್ಯ ಬೇಕೆಂದರೆ ಮನ್ರೋ ಅವರ ಏಳನೇ ಆನ್ಯುಯಲ್ ಮೆಸೇಜ್ ತೆರೆಯಬೇಕು.

ಹಾಗಾಗಿ ಸರ್ಚ್ ಬಿಟ್ಟು, ಅಧ್ಯಕ್ಷರ ಹೆಸರಿನ ಮುಂದೆ ತಾರೀಕುಗಳಿರುವ ಪಟ್ಟಿಗೆ ಹೋಗಿ. ತಾಣದ ನಿಜವಾದ ಬೆಲೆ ಇರುವುದು ಅಲ್ಲೇ. ಪಠ್ಯ ಬೇರೆ ಕಡೆಯೂ ಸಿಗುತ್ತದೆ. ಯಾವುದು ಓದಿದ ಭಾಷಣ, ಯಾವುದು ಬರೆದು ಕಳಿಸಿದ ಕಾಗದ ಎಂದು ಬೇರೆ ಮಾಡಿಟ್ಟವರು ಕಡಿಮೆ. ಸಂವಿಧಾನದ 2ನೇ ವಿಧಿಯ 3ನೇ ಸೆಕ್ಷನ್ ಕೇಳುವುದು ಇಷ್ಟೇ: ಅಧ್ಯಕ್ಷರು 'ಕಾಲಕಾಲಕ್ಕೆ' ಒಕ್ಕೂಟದ ಸ್ಥಿತಿಗತಿ ತಿಳಿಸಬೇಕು, ಅಗತ್ಯವೆನಿಸಿದ ಕ್ರಮಗಳನ್ನು ಶಿಫಾರಸು ಮಾಡಬೇಕು. ವರ್ಷಕ್ಕೊಮ್ಮೆ ಎಂದಾಗಲಿ, ನಿಂತು ಮಾತಾಡಬೇಕು ಎಂದಾಗಲಿ ಅಲ್ಲಿಲ್ಲ. ಮೊದಲ ಅಧ್ಯಕ್ಷ ವಾಷಿಂಗ್ಟನ್ 1790ರ ಜನವರಿ 8ರಂದು ನ್ಯೂಯಾರ್ಕಿನಲ್ಲಿ ಖುದ್ದಾಗಿ ಓದಿದರು. ರಾಜ ಸಿಂಹಾಸನದಿಂದ ಮಾತಾಡಿದ ಹಾಗಿರುತ್ತದೆ ಎಂದು ಜೆಫರ್ಸನ್ 1801ರಲ್ಲಿ ಅದನ್ನು ಬಿಟ್ಟು ಬರೆದು ಕಳಿಸಿದರು. ಆ ರೂಢಿಯನ್ನು ಮುರಿದದ್ದು 1913ರಲ್ಲಿ ವಿಲ್ಸನ್. ಹಾಗಂತ 1913ರ ನಂತರದ್ದೆಲ್ಲ ಭಾಷಣ ಎಂದುಕೊಂಡರೆ ಹೂವರ್ ಅಡ್ಡ ಬರುತ್ತಾರೆ: ಅವರ ನಾಲ್ಕೂ ಲಿಖಿತ.

ವರ್ಷಕ್ಕೆ ಒಂದರಂತೆ ಲೆಕ್ಕ ಹಾಕುವವರಿಗೆ ಇನ್ನಷ್ಟು ಗುಂಡಿಗಳಿವೆ. 1790ರಲ್ಲೇ ಎರಡು, ಜನವರಿಯಲ್ಲೊಂದು, ಡಿಸೆಂಬರಿನಲ್ಲೊಂದು. 1953ರಲ್ಲಿ ಹೊರಡುತ್ತಿದ್ದ ಟ್ರೂಮನ್ ಬರೆದು ಕಳಿಸಿದರು, ಬಂದ ಐಸೆನ್‌ಹೋವರ್ ಭಾಷಣ ಮಾಡಿದರು. 1961ರಲ್ಲಿ ಐಸೆನ್‌ಹೋವರ್ ಮತ್ತು ಕೆನೆಡಿ ಅದನ್ನೇ ಮಾಡಿದರು. 1933ರಲ್ಲಿ ಒಂದೂ ಇಲ್ಲ, ಏಕೆಂದರೆ 20ನೇ ತಿದ್ದುಪಡಿಯಿಂದ ಅಧಿವೇಶನ ಡಿಸೆಂಬರಿನಿಂದ ಜನವರಿಗೆ ಸರಿಯಿತು. 1973ರದ್ದು ಎಲ್ಲಕ್ಕಿಂತ ಕಿರಿಕಿರಿ: ನಿಕ್ಸನ್ ಫೆಬ್ರವರಿ 2ರಂದು ಒಂದು ಮುನ್ನೋಟ ಕಳಿಸಿ, ಉಳಿದದ್ದನ್ನು ವಿಷಯವಾರು ಬೇರೆ ಬೇರೆ ಸಂದೇಶಗಳಾಗಿ ಒಡೆದರು. ಮುನ್ನೋಟವೊಂದನ್ನೇ ಎಣಿಸಿದರೆ ಲೆಕ್ಕ ಕೆಟ್ಟಿತು.

ಹೊಸ ಅಧ್ಯಕ್ಷರ ಮೊದಲ ವರ್ಷದ ವಿಷಯದಲ್ಲಿ ತಾಣದವರ ತೀರ್ಮಾನ ಒಪ್ಪುವಂಥದ್ದು. 1981ರ ರೇಗನ್‌ರಿಂದ ಹಿಡಿದು 2025ರ ಟ್ರಂಪ್‌ವರೆಗೆ ಆ ಭಾಷಣಗಳು ಕಟ್ಟುನಿಟ್ಟಾಗಿ ನೋಡಿದರೆ ಸ್ಟೇಟ್ ಆಫ್ ದಿ ಯೂನಿಯನ್ ಅಲ್ಲ, ಜಂಟಿ ಅಧಿವೇಶನದ ಭಾಷಣಗಳು. ಕೇಳುವವರ ಮೇಲೆ ಆಗುವ ಪರಿಣಾಮ ಒಂದೇ ಎಂದು ಅವನ್ನೂ ಟಿಪ್ಪಣಿ ಸಮೇತ ಪಟ್ಟಿಗೆ ಸೇರಿಸಿದ್ದಾರೆ. 'ಅತಿ ಉದ್ದದ ಭಾಷಣ ಯಾವುದು' ಎಂಬ ಜಗಳ 2025ರಲ್ಲಿ ಬಂದಾಗ ಈ ಟಿಪ್ಪಣಿ ಓದದವರೇ ಸೋತರು: 2025ರದ್ದು ಸುಮಾರು 100 ನಿಮಿಷ, ಕ್ಲಿಂಟನ್‌ರ 2000ದ್ದು ಸುಮಾರು 89, ಆದರೆ ಎರಡರ ಜಾತಿ ಬೇರೆ.

ಪದಗಳ ಎಣಿಕೆಯ ಕೋಷ್ಟಕವನ್ನು ಹುಷಾರಾಗಿ ಬಳಸಬೇಕು. ವಾಷಿಂಗ್ಟನ್‌ರ ಮೊದಲನೆಯದು 1,089 ಪದ. ಕಾರ್ಟರ್ 1981ರಲ್ಲಿ ಹೊರಡುವಾಗ ಬರೆದು ಕಳಿಸಿದ್ದು 33,667. ಎರಡನ್ನೂ ಒಂದೇ ಗ್ರಾಫಿಗೆ ಹಾಕಿದರೆ ಅರ್ಥವಿಲ್ಲ. ಲಿಖಿತ ಸಂದೇಶ ಇಲಾಖೆವಾರು ವರದಿಯಾಗಿ ಊದಿಕೊಳ್ಳಬಹುದು, ಭಾಷಣಕ್ಕೆ ಕೇಳುವವರ ತಾಳ್ಮೆಯೇ ಮಿತಿ. ಸ್ಪ್ರೆಡ್‌ಶೀಟಿಗೆ ಇಳಿಸುವಾಗ 'ಓದಿದ್ದು / ಬರೆದದ್ದು' ಎಂಬ ಕಾಲಂ ಒಂದನ್ನು ನೀವೇ ಹಾಕಿಕೊಳ್ಳಿ. 1972ರ ನಿಕ್ಸನ್‌ರಂತೆ ಎರಡನ್ನೂ ಕೊಟ್ಟವರಿಗೆ ಎರಡು ಸಾಲು ಕೊಡಿ. ನಿಮಿಷಗಳ ಪಟ್ಟಿ 1960ರ ದಶಕದಿಂದ ಈಚಿನದಷ್ಟೇ.

ಪಠ್ಯ ತೆರೆದವರು ಕೊನೆಯವರೆಗೆ ಸ್ಕ್ರಾಲ್ ಮಾಡಬೇಕು. ಇತ್ತೀಚಿನ ದಶಕಗಳ ಭಾಷಣಗಳ ತಳದಲ್ಲಿ ಸಣ್ಣ ಟಿಪ್ಪಣಿಯಿರುತ್ತದೆ: ಎಷ್ಟು ಗಂಟೆಗೆ, ಯಾವ ಸಭಾಂಗಣದಲ್ಲಿ ಮಾತಾಡಿದರು ಎಂದು. ಜಾನ್ಸನ್ 1965ರಲ್ಲಿ ಟಿವಿ ನೋಡುಗರಿಗಾಗಿ ಭಾಷಣವನ್ನು ರಾತ್ರಿಗೆ ತಂದದ್ದರ ಫಲ ಆ ಗಂಟೆಯಲ್ಲೇ ಕಾಣುತ್ತದೆ. ಪಠ್ಯದೊಳಗೂ ಇಂಥವು ಸಿಗುತ್ತವೆ. 1975ರದ್ದು ತೆರೆದರೆ ಫೋರ್ಡ್ ಒಕ್ಕೂಟದ ಸ್ಥಿತಿ ಚೆನ್ನಾಗಿಲ್ಲ ಎಂದು ನೇರವಾಗಿಯೇ ಒಪ್ಪಿಕೊಂಡದ್ದು ಕಣ್ಣಿಗೆ ಬೀಳುತ್ತದೆ. ಬೇರೆ ಯಾರೂ ಅಷ್ಟು ಸಲೀಸಾಗಿ ಹೇಳುವ ಮಾತಲ್ಲ ಅದು.

ಕೊರತೆ ಎಂದರೆ ತಾರೀಕು ಸಿಕ್ಕರೂ ಅದರ ಹಿಂದಿನ ಕಾರಣ ಸಿಗುವುದಿಲ್ಲ. 1986ರದ್ದು ಫೆಬ್ರವರಿ 4 ಏಕಾಯಿತು? ಜನವರಿ 28ರಂದು ಚಾಲೆಂಜರ್ ನೌಕೆ ಸ್ಫೋಟಗೊಂಡಿತು, ಅದೇ ರಾತ್ರಿಯ ಭಾಷಣ ಮುಂದೆ ಹೋಯಿತು. 2019ರದ್ದು ಜನವರಿ 29ರಿಂದ ಫೆಬ್ರವರಿ 5ಕ್ಕೆ ಜಾರಿದ್ದು ಸರ್ಕಾರಿ ಕಚೇರಿಗಳು ಮುಚ್ಚಿದ್ದ ಹೊತ್ತಿನಲ್ಲಿ ಕೆಳಮನೆಯ ಸ್ಪೀಕರ್ ಪೆಲೋಸಿ ಆ ಮನೆಯ ಸಭಾಂಗಣದ ಬಾಗಿಲು ತೆರೆಯದ್ದರಿಂದ. ಸ್ಪೀಕರ್ ಆಹ್ವಾನಿಸದೆ ಅಧ್ಯಕ್ಷರು ಆ ಸಭಾಂಗಣದಲ್ಲಿ ಭಾಷಣ ಮಾಡುವಂತಿಲ್ಲ ಎಂಬುದು ಪಟ್ಟಿ ಎಷ್ಟು ತಿರುವಿದರೂ ತಿಳಿಯುವುದಿಲ್ಲ. ಅದಕ್ಕೆ ಆ ವಾರದ ಪತ್ರಿಕೆಗಳನ್ನೇ ತೆಗೆಯಬೇಕು.