ಫೂಬಾರ್2000: ಗಮನಿಸಬೇಕಾದ ಫೋಲ್ಡರುಗಳನ್ನು ನಾವೇ ಗೊತ್ತುಪಡಿಸುವ ಅನುಕೂಲ

ಹಾಸನದ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಹಾಡು ಕೇಳಲು ಹಲವು ವರ್ಷಗಳಿಂದ ಫೂಬಾರ್2000 ಎಂಬ ತಂತ್ರಾಂಶವನ್ನು ಬಳಸುತ್ತಿದ್ದೇನೆ. ಪೀಟರ್ ಪಾವ್ಲೋವ್ಸ್ಕಿ ರೂಪಿಸಿ 2002ರಲ್ಲಿ ಹೊರತಂದ ಈ ಉಚಿತ ತಂತ್ರಾಂಶದಲ್ಲಿ ನಾನು ಅತ್ಯಂತ ಮೆಚ್ಚಿರುವುದು, ಯಾವ ಫೋಲ್ಡರುಗಳ ಮೇಲೆ ಕಣ್ಣಿಡಬೇಕೆಂಬುದನ್ನು ಅದು ಪೂರ್ತಿಯಾಗಿ ನಮಗೇ ಬಿಡುತ್ತದೆ ಎಂಬುದನ್ನು.

ಪ್ರಿಫರೆನ್ಸಸ್ (ಆಯ್ಕೆಗಳ) ಕಿಟಕಿಯ ಮೀಡಿಯಾ ಲೈಬ್ರರಿ, ಅಂದರೆ ತಂತ್ರಾಂಶ ಇಟ್ಟುಕೊಳ್ಳುವ ಹಾಡುಗಳ ಪಟ್ಟಿಯ, ಪುಟದಲ್ಲಿ ಒಂದು ಫೋಲ್ಡರನ್ನು ಸೇರಿಸಿದರೆ ಅದರ ಒಳಫೋಲ್ಡರುಗಳೆಲ್ಲ ತಾವಾಗಿಯೇ ಪಟ್ಟಿಗೆ ಬರುತ್ತವೆ. ಮುಂದೆ ಅಲ್ಲಿಗೆ ಹೊಸ ಕಡತ ಬಂದರೂ ಹಳೆಯದು ಹೋದರೂ ಲೈಬ್ರರಿ ತಾನೇ ಬದಲಾಗುತ್ತದೆ. ಫೋಲ್ಡರನ್ನು ಪಟ್ಟಿಯಿಂದ ತೆಗೆದರೆ ಡಿಸ್ಕಿನಲ್ಲಿರುವ ಹಾಡುಗಳು ಅಳಿಯುವುದಿಲ್ಲ. ಈ ಅಂಜಿಕೆ ಅನೇಕರಿಗಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇಡೀ ಡಿಸ್ಕನ್ನೇ ಸೇರಿಸಿಬಿಡುವುದು ಸುಲಭವೆನಿಸಬಹುದು, ಆದರೆ ಹಾಗೆ ಮಾಡಿದರೆ ಫೋನಿನಿಂದ ಇಳಿಸಿಕೊಂಡ ಧ್ವನಿಸಂದೇಶಗಳೂ ಆಟಗಳ ಸದ್ದುಗಳೂ ಹಾಡುಗಳ ಜೊತೆ ಬೆರೆಯುತ್ತವೆ. ನನ್ನ ಸಂಗ್ರಹದ ಬಹುಪಾಲು ಹಳೆಯ ಕ್ಯಾಸೆಟ್ಟುಗಳಿಂದ ಕಂಪ್ಯೂಟರಿಗೆ ಇಳಿಸಿಕೊಂಡದ್ದು. ನಮ್ಮ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ 1920ರಲ್ಲಿ ಹುಟ್ಟಿದ ವಿದ್ವಾನ್ ಆರ್.ಕೆ. ಶ್ರೀಕಂಠನ್ ಅವರ ಗಾಯನವೂ ಅದರಲ್ಲಿದೆ. ಕ್ಯಾಸೆಟ್ಟಿನ ಒಂದು ಮಗ್ಗುಲನ್ನು ಒಂದೇ ಒಂದು ಉದ್ದನೆಯ ಕಡತವಾಗಿ ಇಳಿಸಿಕೊಂಡು, ಕೃತಿಗಳನ್ನು ಬೇರ್ಪಡಿಸಿ, ರಾಗ, ತಾಳ ಮತ್ತು ರಚನಕಾರರ ಹೆಸರುಗಳನ್ನು ತುಂಬುವವರೆಗೆ ಆ ಕಡತಗಳು ಲೈಬ್ರರಿಯಲ್ಲಿ ಕಾಣಿಸಿಕೊಳ್ಳಬಾರದು. ಆದ್ದರಿಂದ ‘ಕೆಲಸ’ ಎಂಬ ಫೋಲ್ಡರನ್ನು ಪಟ್ಟಿಯ ಹೊರಗಿಟ್ಟು, ‘ಸಂಗ್ರಹ’ ಎಂಬುದನ್ನು ಮಾತ್ರ ಸೇರಿಸಿದ್ದೇನೆ. ಕೆಲಸ ಮುಗಿದ ಸಂಗೀತ ಕಛೇರಿಯನ್ನು ಅಲ್ಲಿಗೆ ಸರಿಸಿದೊಡನೆ ಅದು ಆಲ್ಬಮ್ ಪಟ್ಟಿಯಲ್ಲಿ ತೋರುತ್ತದೆ. ಹೊರಗಿರುವ ಕಡತಗಳನ್ನು ಕೇಳಲು ಅಡ್ಡಿಯೇನಿಲ್ಲ, ನೇರವಾಗಿ ತೆರೆದು ನುಡಿಸಬಹುದು.

ಅದೇ ಪುಟದಲ್ಲಿರುವ ‘ಎಕ್ಸ್‌ಕ್ಲೂಡ್’ ಎಂಬ ಖಾನೆಯನ್ನು ಎಷ್ಟೋ ಮಂದಿ ನೋಡಿಯೇ ಇರುವುದಿಲ್ಲ. ಮೂಲ ಧ್ವನಿಯನ್ನು ವೇವ್ (ಕುಗ್ಗಿಸದ ಧ್ವನಿಕಡತ) ರೂಪದಲ್ಲಿಯೂ ಕೇಳುವ ಪ್ರತಿಯನ್ನು ಫ್ಲ್ಯಾಕ್ (ಗುಣಮಟ್ಟ ಕೆಡದಂತೆ ಕುಗ್ಗಿಸಿದ ಕಡತ) ರೂಪದಲ್ಲಿಯೂ ಒಂದೇ ಫೋಲ್ಡರಿನಲ್ಲಿ ಇಡುವವರಿಗೆ ಪ್ರತಿ ಕೃತಿಯೂ ಎರಡೆರಡು ಸಲ ಕಾಣುತ್ತದೆ. ವೇವ್ ಕಡತಗಳನ್ನು ಬಿಡಬೇಕೆಂದು ಈ ಖಾನೆಯಲ್ಲಿ ಸೂಚಿಸಿದರೆ ಆ ತೊಡಕು ಇರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಪುಟದ ಅತ್ಯಂತ ಉಪಯುಕ್ತ ಸೌಲಭ್ಯ ಇದೇ.

ಕಡತಗಳನ್ನು ಬೇರೆಡೆಗೆ ಸರಿಸಿದಾಗ ಪ್ಲೇಲಿಸ್ಟುಗಳಲ್ಲಿ ಹಳೆಯ ನಮೂದುಗಳು ಉಳಿದುಕೊಳ್ಳಬಹುದು. ಎಡಿಟ್ ಮೆನುವಿನ ‘ರಿಮೂವ್ ಡೆಡ್ ಐಟಮ್ಸ್’ ಅವನ್ನು ತೆಗೆದುಹಾಕುತ್ತದೆ.

ಮನೆಯ ನೆಟ್‌ವರ್ಕಿನಲ್ಲಿ ಹಂಚಿಕೊಂಡ ಡಿಸ್ಕನ್ನು ಸೇರಿಸುವವರು ಒಂದು ವಿಷಯವನ್ನು ತಿಳಿದಿರಬೇಕು: ಅಲ್ಲಿ ನಡೆದ ಬದಲಾವಣೆಯ ಸುದ್ದಿ ಕಂಪ್ಯೂಟರಿಗೆ ಕೂಡಲೇ ಮುಟ್ಟುವುದು ಆ ಡಿಸ್ಕಿನ ವ್ಯವಸ್ಥೆಯನ್ನು ಅವಲಂಬಿಸಿದೆ, ಎಲ್ಲ ಕಡೆಯೂ ಮುಟ್ಟುತ್ತದೆಂಬ ಭರವಸೆಯಿಲ್ಲ. ಹೀಗಾಗಿ ನಾನು ‘ಸಂಗ್ರಹ’ವನ್ನು ಕಂಪ್ಯೂಟರಿನ ಒಳಡಿಸ್ಕಿನಲ್ಲಿಯೇ ಇಟ್ಟು, ನೆಟ್‌ವರ್ಕಿನ ಡಿಸ್ಕಿನಲ್ಲಿ ಬ್ಯಾಕಪ್ ಪ್ರತಿಯನ್ನು ಮಾತ್ರ ಇರಿಸಿದ್ದೇನೆ ಮತ್ತು ಆ ಪ್ರತಿಯನ್ನು ಗಮನಿಸುವ ಪಟ್ಟಿಗೆ ಸೇರಿಸಿಲ್ಲ.